ಸಣ್ಣ ಕರಕುಶಲ ಉದ್ಯಮಕ್ಕೆ ಹೆಸರು ಆಯ್ಕೆ: ಅರ್ಜಿದಾರರ ಗಮನಕ್ಕೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ರೇಷ್ಮೆ ನೂಲು, ಕೈಮಗ್ಗದ ಬಟ್ಟೆ, ರೇಷ್ಮೆ ಗೂಡಿನ ಹಾರ ಮುಂತಾದವುಗಳ ಉದ್ಯಮ ಆರಂಭಿಸಲು ಇಚ್ಛಿಸುವವರು ಮೊದಲು ಹೆಸರನ್ನು ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಫಲಕ, ಚೀಟಿ, ಬ್ಯಾಂಕ್ ಖಾತೆಗಳೆಲ್ಲವೂ ಸಿದ್ಧವಾದ ನಂತರ ಹೆಸರು ಬದಲಾಯಿಸುವುದು ವೆಚ್ಚದಾಯಕ. ಆದುದರಿಂದ ಈ ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ.

1. ಊರಿನ ಹೆಸರು ಮಾತ್ರ ಸಾಲದು
'ಶಿಡ್ಲಘಟ್ಟ ಸಿಲ್ಕ್ಸ್' ಎಂಬಂತಹ ಹೆಸರು ಸರಕನ್ನೂ ಸ್ಥಳವನ್ನೂ ತಿಳಿಸುತ್ತದೆಯೇ ಹೊರತು ತಯಾರಕರನ್ನು ಗುರುತಿಸುವುದಿಲ್ಲ. ಟ್ರೇಡ್ ಮಾರ್ಕ್ ಕಾಯ್ದೆ, 1999ರ ಕಲಂ 9ರಂತೆ ಇಂತಹ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ದೊರೆಯುವುದಿಲ್ಲ. ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರನ್ನು ಪಕ್ಕದ ಅಂಗಡಿಯವರು ಬಳಸಿದರೂ ತಡೆಯುವುದು ಕಷ್ಟವಾಗುತ್ತದೆ. ಊರಿನ ಹೆಸರನ್ನು ವಿಳಾಸದಲ್ಲಿ ಬಳಸಿ, ಉದ್ಯಮಕ್ಕೆ ಪ್ರತ್ಯೇಕ ಹೆಸರಿಡುವುದು ಸೂಕ್ತ.

2. ಅರ್ಥಪೂರ್ಣ ಹೆಸರು
ಕಸುಬಿನೊಳಗಿನ ಪದಗಳನ್ನು ಪರಿಶೀಲಿಸಬಹುದು. ಉದಾಹರಣೆಗೆ, 'ಚಂದ್ರಿಕೆ' ಎಂದರೆ ಹುಳು ಗೂಡು ಕಟ್ಟುವ ಬಿದಿರಿನ ಸಾಧನ. ಬೆಳದಿಂಗಳು ಎಂಬ ಅರ್ಥವೂ ಇದೆ. ಸೀರೆಗೆ ಇಂತಹ ಪದ ಗುರುತಾಗಬಲ್ಲದು. ಚಂದ್ರಿಕೆಯನ್ನೇ ತಯಾರಿಸಿ ಮಾರುವವರಿಗೆ ಅದು ಕೇವಲ ಸರಕಿನ ಹೆಸರು. ಹಿಂದೂಪುರ, ಮದನಪಲ್ಲಿ ಕಡೆಯ ಗ್ರಾಹಕರಿರುವುದರಿಂದ, ತೆಲುಗಿನಲ್ಲಿ ಹೆಸರಿಗೆ ಅಪಾರ್ಥವಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು.

3. ಬಳಸಬಾರದ ಹೆಸರುಗಳು
ಮೈಸೂರು ರೇಷ್ಮೆ, ಚನ್ನಪಟ್ಟಣದ ಆಟಿಕೆ ಮುಂತಾದವು ಭೌಗೋಳಿಕ ಸೂಚಕಗಳಾಗಿ ನೋಂದಣಿಯಾಗಿವೆ. ಈ ಹೆಸರುಗಳನ್ನು ಬೇರೆಡೆ ತಯಾರಾದ ಸರಕಿಗೆ ಇಡುವಂತಿಲ್ಲ. ಮಹಾತ್ಮ ಗಾಂಧಿಯವರ ಹೆಸರು, ರಾಷ್ಟ್ರಲಾಂಛನ, ಸರ್ಕಾರದ ಆಶ್ರಯವಿದೆಯೆಂಬ ಭಾವನೆ ಮೂಡಿಸುವ ಹೆಸರುಗಳ ಬಳಕೆಯನ್ನು 1950ರ ಲಾಂಛನ ಮತ್ತು ಹೆಸರುಗಳ ಕಾಯ್ದೆ ನಿರ್ಬಂಧಿಸಿದೆ. ಮಿಶ್ರ ನೂಲಿನ ಬಟ್ಟೆಗೆ 'ಶುದ್ಧ ರೇಷ್ಮೆ' ಎಂಬ ಹೆಸರು ಸಲ್ಲದು.

4. ಶೋಧನೆ ಮತ್ತು ನೋಂದಣಿ
ಟ್ರೇಡ್ ಮಾರ್ಕ್ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಶೋಧಿಸಬಹುದು. ಕಾಗುಣಿತ ಬೇರೆಯಾಗಿದ್ದು ಉಚ್ಚಾರಣೆ ಒಂದೇ ಆಗಿರುವ ಹೆಸರುಗಳನ್ನೂ ನೋಡತಕ್ಕದ್ದು. ನೂಲು 23, ಬಟ್ಟೆ 24, ಸಿದ್ಧ ಉಡುಪು 25, ಆಟಿಕೆ 28ನೇ ವರ್ಗಕ್ಕೆ ಸೇರುತ್ತವೆ. 2017ರ ನಿಯಮಗಳಂತೆ ವ್ಯಕ್ತಿ ಅಥವಾ ಸಣ್ಣ ಉದ್ಯಮಕ್ಕೆ ಆನ್‌ಲೈನ್ ಅರ್ಜಿ ಶುಲ್ಕ ಪ್ರತಿ ವರ್ಗಕ್ಕೆ ರೂ. 4,500. ಕರ್ನಾಟಕದ ಅರ್ಜಿಗಳು ಚೆನ್ನೈ ಕಛೇರಿಯ ವ್ಯಾಪ್ತಿಗೆ ಬರುತ್ತವೆ. ನೋಂದಣಿಯ ಅವಧಿ 10 ವರ್ಷ, ನಂತರ ನವೀಕರಿಸಬಹುದು.

ಶುಲ್ಕ ಭರಿಸಲು ಸದ್ಯಕ್ಕೆ ಸಾಧ್ಯವಿಲ್ಲದವರು ಮೊದಲ ಬಿಲ್ಲು, ದಿನಾಂಕವಿರುವ ಚೀಟಿ, ಮೇಳಗಳ ರಸೀದಿಗಳನ್ನು ಜೋಪಾನವಾಗಿಡಬೇಕು. ಹೆಸರನ್ನು ಮೊದಲು ಬಳಸಿದವರು ಯಾರೆಂಬ ವಿವಾದದಲ್ಲಿ ಇವೇ ಆಧಾರ.

5. ದಾಖಲೆ ಮತ್ತು ಫಲಕ
ಉದ್ಯಮ್ ನೋಂದಣಿ ಉಚಿತ; ಇದಕ್ಕಾಗಿ ಯಾರಿಗೂ ಹಣ ನೀಡಬೇಕಾಗಿಲ್ಲ. ಆದರೆ ಉದ್ಯಮ್ ಪ್ರಮಾಣಪತ್ರದಿಂದ ಹೆಸರಿನ ಮೇಲೆ ಟ್ರೇಡ್ ಮಾರ್ಕ್ ಹಕ್ಕು ಬರುವುದಿಲ್ಲ. ಉದ್ಯಮ್, ಬ್ಯಾಂಕ್ ಹಾಗೂ ಜಿ.ಎಸ್.ಟಿ. ದಾಖಲೆಗಳಲ್ಲಿ ಹೆಸರಿನ ಕಾಗುಣಿತ ಒಂದೇ ರೀತಿ ಇರತಕ್ಕದ್ದು. 2024ರ ತಿದ್ದುಪಡಿಯಂತೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡವಿದ್ದು, ಅದು ಮೇಲ್ಭಾಗದಲ್ಲಿರಬೇಕು.

ಹೆಚ್ಚಿನ ಮಾಹಿತಿಗಾಗಿ ಚಿಕ್ಕಬಳ್ಳಾಪುರದ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಎರಡು ಮೂರು ಹೆಸರುಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದು ತಂದಲ್ಲಿ ಅನುಕೂಲವಾಗುತ್ತದೆ.