ಕೌಟುಂಬಿಕ ವ್ಯಾನ್‌ಗಳ ಇಂಧನ ಮಿತವ್ಯಯ (ಚಿಕ್ಕಬಳ್ಳಾಪುರ ಜಿಲ್ಲೆ)

ಕೌಟುಂಬಿಕ ವ್ಯಾನ್ ಎಂದರೆ ಆರರಿಂದ ಎಂಟು ಜನ ಒಟ್ಟಿಗೆ ಪ್ರಯಾಣಿಸಬಹುದಾದ, ಸ್ವಂತ ಬಳಕೆಗೆ ನೋಂದಾಯಿಸಿದ ಹಗುರ ಮೋಟಾರು ವಾಹನ. ಕರ್ನಾಟಕದ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಈ ವರ್ಗದ ವಾಹನಗಳೆಂದರೆ ಮುಖ್ಯವಾಗಿ ಮಾರುತಿ ಓಮ್ನಿ, ಮಾರುತಿ ಈಕೋ, ಎರ್ಟಿಗಾ ಮತ್ತು ಟೊಯೋಟಾ ಇನ್ನೋವಾ. ಇಂತಹ ವಾಹನವನ್ನು ಇಟ್ಟುಕೊಳ್ಳುವ ಖರ್ಚಿನಲ್ಲಿ ಇಂಧನದ್ದು ಕಣ್ಣಿಗೆ ಕಾಣುವ ಪಾಲು. ತೆರಿಗೆ, ವಿಮೆ, ದುರಸ್ತಿ ಮತ್ತು ಬೆಲೆಯ ಸವಕಳಿ ಸಾಮಾನ್ಯವಾಗಿ ಲೆಕ್ಕಕ್ಕೆ ಬಾರದೆ ಉಳಿಯುವ ಪಾಲು.

ಭೌಗೋಳಿಕ ಹಿನ್ನೆಲೆ

2007ರಲ್ಲಿ ಕೋಲಾರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಈ ನಾಲ್ಕು ಪಟ್ಟಣಗಳೂ ಒಂದೇ ಹೆದ್ದಾರಿಯ ಮೇಲಿವೆ. ಹಿಂದೆ 234 ಎಂಬ ಸಂಖ್ಯೆ ಹೊಂದಿದ್ದ ರಾಷ್ಟ್ರೀಯ ಹೆದ್ದಾರಿಯು ಪಶ್ಚಿಮದ ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳನ್ನು ಹಾದು ಪೂರ್ವದ ಚಿಂತಾಮಣಿಗೆ ಸಾಗುತ್ತದೆ. ಬೆಂಗಳೂರು–ಹೈದರಾಬಾದ್ ನಡುವಿನ 44ನೆಯ ರಾಷ್ಟ್ರೀಯ ಹೆದ್ದಾರಿಯು ಇದನ್ನು ಚಿಕ್ಕಬಳ್ಳಾಪುರದ ಬಳಿ ಅಡ್ಡಹಾಯುತ್ತದೆ. ಆದ್ದರಿಂದ ಇಲ್ಲಿನ ವ್ಯಾನ್‌ಗಳಿಗೆ ಎರಡು ಬಗೆಯ ಓಟಗಳಿವೆ: ಪಟ್ಟಣದಿಂದ ಪಟ್ಟಣಕ್ಕೆ ಹೋಗುವ ಅಲ್ಪ ದೂರದ ಓಟ ಮತ್ತು ಬೆಂಗಳೂರಿನ ಕಡೆಗಿನ ಹೆದ್ದಾರಿ ಓಟ. ಒಂದೇ ವಾಹನ ಈ ಎರಡರಲ್ಲಿ ಬೇರೆ ಬೇರೆ ಮೈಲೇಜ್ ಕೊಡುತ್ತದೆ. ಎಂಜಿನ್ ಪೂರ್ತಿ ಬಿಸಿಯೇರುವ ಮೊದಲೇ ಮುಗಿಯುವ ಪ್ರಯಾಣಗಳಲ್ಲಿ ಇಂಧನ ಹೆಚ್ಚು ವ್ಯಯವಾಗುವುದೇ ಇದಕ್ಕೆ ಒಂದು ಕಾರಣ.

ಓಮ್ನಿಯ ಕಾಲ

1984ರಲ್ಲಿ 'ಮಾರುತಿ ವ್ಯಾನ್' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ವಾಹನ 1988ರಲ್ಲಿ 'ಓಮ್ನಿ' ಎಂದಾಯಿತು. ಮುಂದಿನ ಆಸನಗಳ ಕೆಳಗೆ ಅಡಗಿದ 796 ಸಿ.ಸಿ.ಯ ಮೂರು ಸಿಲಿಂಡರಿನ ಎಂಜಿನ್, ನಾಲ್ಕು ಗೇರು, ಹಿಂದಿನ ಚಕ್ರಗಳಿಗೆ ಚಾಲನೆ, ಪಕ್ಕಕ್ಕೆ ಸರಿಯುವ ಬಾಗಿಲು ಇದರ ಲಕ್ಷಣಗಳು. ಹಳ್ಳಿಯ ಗ್ಯಾರೇಜಿನಲ್ಲಿಯೂ ಬಿಚ್ಚಿ ಜೋಡಿಸಬಹುದಾದ ಸರಳ ರಚನೆಯಾದ್ದರಿಂದ ದುರಸ್ತಿ ವೆಚ್ಚ ಕಡಿಮೆ. ಸುಸ್ಥಿತಿಯ ಓಮ್ನಿ ಮಿಶ್ರ ಓಟದಲ್ಲಿ ಲೀಟರಿಗೆ ಸುಮಾರು 14ರಿಂದ 16 ಕಿ.ಮೀ. ಕೊಡುತ್ತದೆ.

ಈ ಭಾಗದಲ್ಲಿ ಓಮ್ನಿ ಕೇವಲ ಮನೆಮಂದಿಯ ವಾಹನವಾಗಿ ಉಳಿಯಲಿಲ್ಲ. ಹಿಂದಿನ ಆಸನ ಬಿಚ್ಚಿದರೆ ಅದೇ ವಾಹನ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಸಾಗಿಸುತ್ತದೆ. ಭಾನುವಾರ ಆಸನ ಜೋಡಿಸಿದರೆ ಕೈವಾರಕ್ಕೋ ವಿದುರಾಶ್ವತ್ಥಕ್ಕೋ ಹೊರಡುತ್ತದೆ. ರೇಷ್ಮೆಗೂಡು ಜಾಗ ತುಂಬುತ್ತದೆಯೇ ಹೊರತು ಹೆಚ್ಚು ತೂಗುವುದಿಲ್ಲ, ಆದ್ದರಿಂದ ಮೈಲೇಜ್ ಬಹಳ ಇಳಿಯದು. ಟೊಮೆಟೊ ಹಾಗಲ್ಲ. ಕ್ರೇಟಿಗೆ 15 ಕೆ.ಜಿ.ಯಂತೆ 30 ಕ್ರೇಟ್ ಎಂದರೆ 450 ಕೆ.ಜಿ. ಆಗುತ್ತದೆ, ಅಂದರೆ ಏಳೆಂಟು ಜನರ ಭಾರ.

ಹೊಸ ಸುರಕ್ಷತಾ ಮಾನದಂಡಗಳಿಗೆ ಹೊಂದಿಸಲಾಗದ ಕಾರಣ 2019ರಲ್ಲಿ ಓಮ್ನಿಯ ತಯಾರಿಕೆ ನಿಂತಿತು. ಎಂಜಿನ್ ಮುಂದೆ ಇಲ್ಲದಿರುವುದರಿಂದ ಅಪಘಾತದಲ್ಲಿ ಚಾಲಕನ ಕಾಲುಗಳಿಗೆ ತಗಡಿನ ಹೊರತು ಬೇರೆ ಆಸರೆ ಇರುತ್ತಿರಲಿಲ್ಲ. ಮಿತವ್ಯಯದ ಲೆಕ್ಕದಲ್ಲಿ ಈ ಅಂಶವನ್ನು ಮರೆಯುವಂತಿಲ್ಲ.

ನಂತರದ ವಾಹನಗಳು

2001ರ ವರ್ಸಾ ಹೆಚ್ಚು ಮಾರಾಟವಾಗಲಿಲ್ಲ. ಅದರ ಒಡಲನ್ನೇ ಸರಳಗೊಳಿಸಿ 2010ರಲ್ಲಿ ಈಕೋ ಬಂದಿತು. 2022ರಲ್ಲಿ ಹೊಸ 1,197 ಸಿ.ಸಿ. ಎಂಜಿನ್ ಪಡೆದ ಈಕೋ ಪೆಟ್ರೋಲಿನಲ್ಲಿ ಲೀಟರಿಗೆ 19.71 ಕಿ.ಮೀ., ಸಿ.ಎನ್.ಜಿ.ಯಲ್ಲಿ ಕೆ.ಜಿ.ಗೆ 26.78 ಕಿ.ಮೀ. ಕೊಡುತ್ತದೆ ಎಂದು ಘೋಷಿಸಲಾಗಿದೆ. 2012ರಲ್ಲಿ ಬಂದ ಎರ್ಟಿಗಾದ 2022ರ ಪೆಟ್ರೋಲ್ ಮಾದರಿಗೆ ಘೋಷಿತ ಅಂಕಿ 20.51. ರಾಮನಗರದ ಬಳಿಯ ಬಿಡದಿಯಲ್ಲಿ ತಯಾರಾಗುವ ಇನ್ನೋವಾ 2005ರಿಂದ ಇದೆ. ಬಾಳಿಕೆಯಲ್ಲಿ ಹೆಸರುವಾಸಿ, ಖರೀದಿ ಬೆಲೆಯಲ್ಲಿ ದುಬಾರಿ.

ಘೋಷಿತ ಅಂಕಿಗಳನ್ನು ಪ್ರಯೋಗಾಲಯದಲ್ಲಿ ನಿಗದಿತ ವೇಗಕ್ರಮದಲ್ಲಿ ಅಳೆಯಲಾಗುತ್ತದೆ. ರಸ್ತೆಯಲ್ಲಿ ಅಷ್ಟು ದೊರೆಯುವುದು ಅಪರೂಪ. ನಿಜವಾದ ಮೈಲೇಜ್ ತಿಳಿಯಲು ಬಂಕಿನಲ್ಲಿ ಟ್ಯಾಂಕ್ ಭರ್ತಿ ಮಾಡಿಸಿ ಮೀಟರಿನ ಅಂಕಿ ಬರೆದಿಟ್ಟುಕೊಂಡು, ಮುನ್ನೂರು ನಾನೂರು ಕಿ.ಮೀ. ಓಡಿದ ಮೇಲೆ ಮತ್ತೆ ಭರ್ತಿ ಮಾಡಿಸಿ, ಓಡಿದ ದೂರವನ್ನು ಎರಡನೆಯ ಸಲ ಹಿಡಿಸಿದ ಲೀಟರುಗಳಿಂದ ಭಾಗಿಸಬೇಕು. ಒಂದೇ ಬಂಕಿನಲ್ಲಿ ಮಾಡಿದರೆ ಲೆಕ್ಕ ಹೆಚ್ಚು ನಂಬಲರ್ಹ.

ಪ್ರತಿ ಕಿಲೋಮೀಟರಿನ ಲೆಕ್ಕ

2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿದ ನಂತರ ಬೆಂಗಳೂರಿನಲ್ಲಿ ಬೆಲೆ ಲೀಟರಿಗೆ ಸುಮಾರು 103 ರೂ. ಮುಟ್ಟಿತು. ಆ ಬೆಲೆಯಲ್ಲಿ ಲೀಟರಿಗೆ 15 ಕಿ.ಮೀ. ಕೊಡುವ ಓಮ್ನಿಗೆ ಕಿ.ಮೀ.ಗೆ 6.87 ರೂ. ತಗಲುತ್ತದೆ. ವರ್ಷಕ್ಕೆ 10,000 ಕಿ.ಮೀ. ಓಡಿದರೆ ಇಂಧನಕ್ಕೇ ಸುಮಾರು 68,700 ರೂ. ಏಳು ಜನ ಕುಳಿತರೆ ತಲೆಗೆ ಕಿ.ಮೀ.ಗೆ ಒಂದು ರೂಪಾಯಿಗೂ ಕಡಿಮೆ. ಒಬ್ಬರೇ ಹೋದರೆ ಪೂರ್ತಿ ಏಳು ರೂಪಾಯಿ. ವ್ಯಾನ್ ಲಾಭವೋ ನಷ್ಟವೋ ಎಂಬುದು ಎಂಜಿನಿಗಿಂತ ಹೆಚ್ಚಾಗಿ ತುಂಬಿದ ಆಸನಗಳನ್ನೇ ಅವಲಂಬಿಸಿದೆ. 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ್ದರಿಂದ, ಹೆಂಗಸರು ಹೆಚ್ಚಿರುವ ಮನೆಗಳಲ್ಲಿ ಈ ಲೆಕ್ಕ ಇನ್ನಷ್ಟು ಬದಲಾಗುತ್ತದೆ.

ಸಿ.ಎನ್.ಜಿ. ಬೆಲೆ ಕೆ.ಜಿ.ಗೆ 90 ರೂ. ಎಂದು ಹಿಡಿದರೆ ಈಕೋಗೆ ಕಿ.ಮೀ.ಗೆ 3.36 ರೂ., ಪೆಟ್ರೋಲಿನಲ್ಲಿ 5.23 ರೂ. (ಎರಡೂ ಘೋಷಿತ ಅಂಕಿಗಳಂತೆ). ಉಳಿತಾಯ ಕಿ.ಮೀ.ಗೆ 1.87 ರೂ. ಸಿ.ಎನ್.ಜಿ. ಮಾದರಿಗೆ 90,000 ರೂ. ಹೆಚ್ಚು ಕೊಟ್ಟಿದ್ದರೆ ಆ ಹಣ ಮರಳಲು ಸುಮಾರು 48,000 ಕಿ.ಮೀ. ಓಡಬೇಕು. ವರ್ಷಕ್ಕೆ 8,000 ಕಿ.ಮೀ. ಓಡುವ ಕುಟುಂಬಕ್ಕೆ ಅದು ಆರು ವರ್ಷಗಳ ಮಾತು. ಸಿಲಿಂಡರ್ ಹಿಂಬದಿಯ ಸಾಮಾನಿನ ಜಾಗವನ್ನು ಆಕ್ರಮಿಸುವುದರಿಂದ ಗೂಡಿನ ಚೀಲಗಳಿಗೆ ಎಡೆ ಕಡಿಮೆ.

ನೆರೆಯ ಆಂಧ್ರಪ್ರದೇಶದಲ್ಲಿ ಪೆಟ್ರೋಲ್ ಬೆಲೆ ಕರ್ನಾಟಕಕ್ಕಿಂತ ಹೆಚ್ಚು. ಹಿಂದೂಪುರಕ್ಕೋ ತಿರುಪತಿಗೋ ಹೊರಡುವವರು ಗಡಿ ದಾಟುವ ಮೊದಲೇ ಟ್ಯಾಂಕ್ ತುಂಬಿಸಿಕೊಳ್ಳುವುದು ಇದೇ ಕಾರಣಕ್ಕೆ.

ಏರು, ಭಾರ ಮತ್ತು ಎಥೆನಾಲ್

ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಜನರೊಂದಿಗೆ 1,250 ಕೆ.ಜಿ. ತೂಗುವ ವ್ಯಾನನ್ನು 500 ಮೀಟರ್ ಮೇಲಕ್ಕೆ ಒಯ್ಯಲು, ಎಂಜಿನ್ನಿನ ದಕ್ಷತೆ ಕಾಲುಭಾಗವೆಂದು ಹಿಡಿದರೆ, ಸಮತಟ್ಟಿನ ಓಟಕ್ಕಿಂತ ಸುಮಾರು ಮುಕ್ಕಾಲು ಲೀಟರ್ ಪೆಟ್ರೋಲ್ ಹೆಚ್ಚು ಬೇಕು. ಇಳಿಜಾರಿನಲ್ಲಿ ಇದರ ಒಂದಂಶ ಮಾತ್ರ ಉಳಿತಾಯವಾಗಿ ಮರಳುತ್ತದೆ.

ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲೆಡೆ ಬಳಕೆಯಲ್ಲಿದೆ. ಅಷ್ಟೇ ಪರಿಮಾಣದ ಪೆಟ್ರೋಲಿಗೆ ಹೋಲಿಸಿದರೆ ಎಥೆನಾಲಿನಲ್ಲಿ ಶಕ್ತಿ ಮೂರನೆಯ ಒಂದಂಶದಷ್ಟು ಕಡಿಮೆ. ಎಥೆನಾಲ್ ಇಲ್ಲದ ಪೆಟ್ರೋಲಿಗಾಗಿ ವಿನ್ಯಾಸಗೊಳಿಸಿ ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜ್ ಶೇ. 6–7ರಷ್ಟು ತಗ್ಗಬಹುದೆಂದು 2021ರ ನೀತಿ ಆಯೋಗದ ವರದಿ ಅಂದಾಜಿಸಿತ್ತು. ಹಳೆಯ ಓಮ್ನಿಗಳಲ್ಲಿ ರಬ್ಬರ್ ಕೊಳವೆಗಳ ಮೇಲೂ ಕಣ್ಣಿಡುವುದು ಅಗತ್ಯ.

ಅಡುಗೆ ಅನಿಲದ ದುರ್ಬಳಕೆ

ಇಂಧನ ಉಳಿಸಲು ಮನೆಯ ಅಡುಗೆ ಅನಿಲದ ಸಿಲಿಂಡರನ್ನು ವ್ಯಾನಿಗೆ ಜೋಡಿಸುವ ಚಾಳಿ ಹಲವೆಡೆ ಕಂಡುಬಂದಿದೆ. ಇದು ಕಾನೂನುಬಾಹಿರ, ಅಷ್ಟೇ ಅಪಾಯಕಾರಿ. ಈ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ಮೇಲೇರದೆ ವ್ಯಾನಿನ ನೆಲದಲ್ಲಿಯೇ ಮಡುಗಟ್ಟುತ್ತದೆ. ಬಾಗಿಲು ಮುಚ್ಚಿದ ವಾಹನದಲ್ಲಿ ಒಂದು ಕಿಡಿ ಸಾಕು. ಇಂತಹ ವಾಹನಕ್ಕೆ ಬೆಂಕಿ ತಗುಲಿದರೆ ವಿಮಾ ಪರಿಹಾರವನ್ನು ನಿರಾಕರಿಸುವುದಕ್ಕೂ ಅವಕಾಶವಿದೆ. ವಾಹನಗಳಿಗಾಗಿಯೇ ಮಾರುವ ಆಟೋ ಎಲ್.ಪಿ.ಜಿ.ಯನ್ನು ಅನುಮೋದಿತ ಕಿಟ್‌ನೊಂದಿಗೆ ಬಳಸಿ, ನೋಂದಣಿ ಪತ್ರದಲ್ಲಿ ನಮೂದಿಸಿದರೆ ಅಡ್ಡಿಯಿಲ್ಲ. ಬಿಳಿ ಫಲಕದ ವ್ಯಾನಿನಲ್ಲಿ ಬಾಡಿಗೆಗೆ ಶಾಲಾಮಕ್ಕಳನ್ನು ಒಯ್ಯುವುದೂ ಪರವಾನಗಿಯ ಉಲ್ಲಂಘನೆಯೇ.

ಇಂಧನೇತರ ವೆಚ್ಚ

ಕರ್ನಾಟಕದಲ್ಲಿ ಖಾಸಗಿ ಕಾರುಗಳಿಗೆ ಬೆಲೆಗನುಸಾರ ಶೇ. 13, 14, 17 ಅಥವಾ 18ರ ದರದಲ್ಲಿ ಜೀವಿತಾವಧಿ ತೆರಿಗೆ ಇದ್ದು, ಅದರ ಮೇಲೆ ಉಪಕರವೂ ಸೇರುತ್ತದೆ. ಒಂಬತ್ತು ಲಕ್ಷ ರೂಪಾಯಿಯ ವ್ಯಾನಿಗೆ ಶೇ. 14ರಂತೆ ಉಪಕರ ಬಿಟ್ಟು 1,26,000 ರೂ. ಆಗುತ್ತದೆ, ಒಂದೂವರೆ ಲಕ್ಷ ಕಿ.ಮೀ.ಗೆ ಹಂಚಿದರೆ ಕಿ.ಮೀ.ಗೆ 84 ಪೈಸೆ. ಮೂರನೆಯ ವ್ಯಕ್ತಿಯ ವಿಮೆಯ ಮೂಲ ಕಂತನ್ನು 2022ರ ಜೂನ್‌ನಲ್ಲಿ 1,000 ಸಿ.ಸಿ.ವರೆಗೆ 2,094 ರೂ., 1,500ರವರೆಗೆ 3,416 ರೂ., ಅದಕ್ಕೂ ಮೇಲೆ 7,897 ರೂ. ಎಂದು ನಿಗದಿಪಡಿಸಲಾಯಿತು. ಓಮ್ನಿ, ಈಕೋ, ಇನ್ನೋವಾಗಳು ಕ್ರಮವಾಗಿ ಈ ಮೂರು ವರ್ಗಗಳಿಗೆ ಸೇರುತ್ತವೆ.

ಹದಿನೈದು ವರ್ಷ ತುಂಬಿದ ವಾಹನದ ನೋಂದಣಿಯನ್ನು ಐದೈದು ವರ್ಷಗಳಿಗೊಮ್ಮೆ ನವೀಕರಿಸಬೇಕು. ಚಿಕ್ಕಬಳ್ಳಾಪುರದ ಕೆಎ-40 ಮತ್ತು ಚಿಂತಾಮಣಿಯ ಕೆಎ-67 ಸಂಕೇತದ ಸಾರಿಗೆ ಕಚೇರಿಗಳಲ್ಲಿ ಈ ಕೆಲಸ ನಡೆಯುತ್ತದೆ. 2022ರ ಏಪ್ರಿಲ್ 1ರಿಂದ ಕಾರುಗಳ ನವೀಕರಣ ಶುಲ್ಕ 5,000 ರೂ.ಗೆ ಏರಿತು, 2025ರಲ್ಲಿ ಇಪ್ಪತ್ತು ವರ್ಷ ಮೀರಿದವುಗಳಿಗೆ ಅದು 10,000 ರೂ. ಆಯಿತು. 2019ರಲ್ಲಿ ನೋಂದಣಿಯಾದ ಕೊನೆಯ ತಂಡದ ಓಮ್ನಿಗಳಿಗೆ ಮೊದಲ ನವೀಕರಣದ ಸರದಿ 2034ರಲ್ಲಿ ಬರಲಿದೆ.