ಸಮೀಕರಣ ತೆರೆದಿತ್ತು, ಕೋಡ್ ಮುಚ್ಚಿತ್ತು: ಬೆಂಗಳೂರಿನ ಸಿಎಫ್‌ಡಿ ಚರಿತ್ರೆಯ ಒಂದು ಓದು

ಗಾಳಿ, ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕುವ ವಿದ್ಯೆ, ಅಂದರೆ ಸಿಎಫ್‌ಡಿ, ಬೆಂಗಳೂರಿನಲ್ಲಿ ಬಹುಕಾಲ ಕೆಲವೇ ಆವರಣಗಳ ಸ್ವತ್ತಾಗಿತ್ತು. 1942ರ ಕೊನೆಗೆ ವಿ.ಎಂ. ಘಾಟಗೆಯವರ ಮುಂದಾಳತ್ವದಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಸಂಸ್ಥೆಯ ಏರೋನಾಟಿಕಲ್ ವಿಭಾಗ, 1960ರಲ್ಲಿ ದೆಹಲಿಯಿಂದ ಇಲ್ಲಿಗೆ ಬಂದ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್, ಲಘು ಯುದ್ಧ ವಿಮಾನಕ್ಕಾಗಿ 1984ರಲ್ಲಿ ಹುಟ್ಟಿದ ಎಡಿಎ. ಎಲ್ಲವೂ ಊರಿನ ಉತ್ತರಕ್ಕೆ, ಪೂರ್ವಕ್ಕೆ. ಮೈಸೂರು ರಸ್ತೆಯ ಕಮಾನಿನಿಂದ ಒಳಗೆ ಹೋಗುವ ರಾಜರಾಜೇಶ್ವರಿನಗರಕ್ಕೆ ಈ ಚರಿತ್ರೆಯಲ್ಲಿ ಜಾಗವಿರಲಿಲ್ಲ. ಚನ್ನಸಂದ್ರದ ಆರ್‌ಎನ್‌ಎಸ್‌ಐಟಿ, ಐಡಿಯಲ್ ಹೋಮ್ಸ್ ಬಡಾವಣೆಯ ಗ್ಲೋಬಲ್ ಅಕಾಡೆಮಿ ಆಫ್ ಟೆಕ್ನಾಲಜಿ ಎರಡೂ ಆರಂಭವಾದದ್ದು 2001ರಲ್ಲಿ. ಇಂಥ ಕಾಲೇಜಿನ ವಿದ್ಯಾರ್ಥಿ ಇಂದು ತಾನೇ ಬಿಚ್ಚಿ ನೋಡಬಲ್ಲ ಸಾಲ್ವರ್, ಅಂದರೆ ಹರಿವಿನ ಸಮೀಕರಣ ಬಿಡಿಸುವ ತಂತ್ರಾಂಶ, ಎಲ್ಲಿಂದ ಬಂತು? ಅದೇ ಊರಿನ ಎನ್‌ಎಎಲ್‌ನಿಂದಲ್ಲ, ಲಂಡನ್ನಿನಿಂದ ಎಂಬುದು ಈ ಲೇಖನದ ವಾದ.

ಬೆಂಗಳೂರಿನ ಕೊಡುಗೆ ಸಣ್ಣದಾಗಿರಲಿಲ್ಲ. ಸೂಪರ್ ಕಂಪ್ಯೂಟರ್ ತರಿಸಲು ಅಮೆರಿಕದ ಅನುಮತಿಗೆ ಕಾಯಬೇಕಿದ್ದ ದಿನಗಳಲ್ಲಿ, ರೊದ್ದಂ ನರಸಿಂಹ ನಿರ್ದೇಶಕರಾಗಿದ್ದ ಎನ್‌ಎಎಲ್‌ನಲ್ಲಿ ಯು.ಎನ್. ಸಿನ್ಹಾ ಅವರ ತಂಡ 1986ರಲ್ಲಿ ‘ಫ್ಲೋಸಾಲ್ವರ್’ ಕಟ್ಟಿತು. ಸಾಮಾನ್ಯ ಇಂಟೆಲ್ 8086 ಪ್ರೊಸೆಸರ್‌ಗಳನ್ನು ಜೋಡಿಸಿ ಮಾಡಿದ ಈ ಯಂತ್ರ ದೇಶದ ಮೊದಲ ಸಮಾಂತರ ಕಂಪ್ಯೂಟರ್ ಎನ್ನಿಸಿಕೊಂಡಿದೆ. ಹೆಸರೇ ಹೇಳುವಂತೆ, ಹರಿವಿನ ಸಮೀಕರಣಗಳನ್ನು ಬಿಡಿಸುವುದಕ್ಕೆಂದೇ ಹುಟ್ಟಿದ್ದು. ಮುಂದಿನ ಆವೃತ್ತಿಗಳಲ್ಲಿ ಮುಂಗಾರಿನ ಲೆಕ್ಕಕ್ಕೂ ಬಳಕೆಯಾಯಿತು.

ಅದೇ 1986ರಲ್ಲಿ ವಿಜ್ಞಾನ ಸಂಸ್ಥೆಯ ಎಸ್.ಎಂ. ದೇಶಪಾಂಡೆ ಅವರ ಒಂದು ವರದಿಯನ್ನು ನಾಸಾ ಪ್ರಕಟಿಸಿತು. ಅದರಲ್ಲಿನ ವಿಚಾರ ಸೊಗಸಾದದ್ದು. ವೇಗವಾಗಿ ಹರಿಯುವ ಅನಿಲದಲ್ಲಿ ಯಾವ ಸುದ್ದಿ ಯಾವ ಕಡೆಯಿಂದ ಬರುತ್ತದೆಂಬುದನ್ನು ಆಯ್ಲರ್ ಸಮೀಕರಣದ ಮಟ್ಟದಲ್ಲಿ ತೀರ್ಮಾನಿಸುವುದು ತೊಡಕಿನ ಕೆಲಸ. ಆದರೆ ಅಣುಗಳ ಮಟ್ಟಕ್ಕೆ, ಬೋಲ್ಟ್ಸ್‌ಮನ್ ಸಮೀಕರಣಕ್ಕೆ ಇಳಿದರೆ ಪ್ರಶ್ನೆ ಸರಳ: ಬಲಕ್ಕೆ ಹೋಗುತ್ತಿರುವ ಅಣು ಎಡದಿಂದಲೇ ಬಂದಿರಬೇಕು. ಅಲ್ಲಿ ದಿಕ್ಕು ನಿರ್ಧರಿಸಿ, ಸರಾಸರಿ ತೆಗೆದು ಮೇಲೆ ಬಂದರೆ ಬೇಕಾದ ಸೂತ್ರ ಕೈಗೆ ಸಿಗುತ್ತದೆ. ಈ ದಾರಿಯಲ್ಲಿ ಮೂಡಿದ ಕೆಎಫ್‌ವಿಎಸ್ ವಿಧಾನವನ್ನು ದೇಶಪಾಂಡೆ ಜೆ.ಸಿ. ಮಂಡಲ್ ಜೊತೆಗೂಡಿ 1994ರಲ್ಲಿ ಪ್ರಕಟಿಸಿದರು. ಮರುವರ್ಷ ಎ.ಕೆ. ಘೋಷ್ ಜೊತೆ, ಮೆಶ್‌ನ (ಲೆಕ್ಕದ ಜಾಲದ) ಹಂಗಿಲ್ಲದೆ ಬರೀ ಬಿಂದುಗಳ ಮೇಲೆ ನಡೆಯುವ ಎಲ್‌ಎಸ್‌ಕೆಯುಎಂ ವಿಧಾನ ಬಂತು.

ಇವೆಲ್ಲ ಹೊರಜಗತ್ತಿಗೆ ಹೋದದ್ದು ಪ್ರಬಂಧಗಳಾಗಿ. ವಿಮಾನ, ಕ್ಷಿಪಣಿಗಳ ಲೆಕ್ಕ ಮಾಡುವ ಪ್ರಯೋಗಾಲಯದ ಕೋಡ್ ಬಾಗಿಲು ದಾಟುವುದು ಎಲ್ಲೂ ಅಪರೂಪವೇ. ಇದಕ್ಕಾಗಿ ಆ ತಲೆಮಾರನ್ನು ದೂರುವುದು ಅನ್ಯಾಯ. ಮುಕ್ತ ತಂತ್ರಾಂಶದ ಜಿಪಿಎಲ್ ಪರವಾನಗಿ ಬಂದದ್ದೇ 1989ರಲ್ಲಿ. ಮಾರುಕಟ್ಟೆಯ ಕಡೆಯೂ ಬಾಗಿಲು ಮುಚ್ಚಿತ್ತು. ಸಿಎಫ್‌ಡಿ ಪ್ಯಾಕೇಜುಗಳಾದ ಸ್ಪಾಲ್ಡಿಂಗ್ ಅವರ ಫೀನಿಕ್ಸ್ 1981ರಲ್ಲೂ ಫ್ಲೂಯೆಂಟ್ 1983ರಲ್ಲೂ ಮಾರಾಟಕ್ಕೆ ಬಂದಿದ್ದವು. ಈ ಬಗೆಯ ಪ್ಯಾಕೇಜುಗಳ ಬುಡದಲ್ಲಿರುವ ‘ಸಿಂಪಲ್’ ವಿಧಾನವನ್ನು 1972ರಲ್ಲಿ ಸ್ಪಾಲ್ಡಿಂಗ್ ಜೊತೆ ರೂಪಿಸಿದವರು ಸುಹಾಸ್ ಪಾಟಣಕರ್. ಭಾರತೀಯನ ಗಣಿತ ಒಳಗಿರುವ ಪೆಟ್ಟಿಗೆಯನ್ನು ಭಾರತದ ಕಾಲೇಜು ದುಡ್ಡು ಕೊಟ್ಟು ತರಿಸಬೇಕು, ತೆರೆದು ನೋಡುವಂತಿಲ್ಲ!

ಬೀಗ ತೆರೆದದ್ದು 2004ರ ಡಿಸೆಂಬರ್ 10ರಂದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 1980ರ ದಶಕದ ಕೊನೆಗೆ ಹೆನ್ರಿ ವೆಲ್ಲರ್ ಶುರುಮಾಡಿ, ಹ್ರ್ವೊಯೆ ಯಾಸಕ್ ಮುಂತಾದವರು ಬೆಳೆಸಿದ ‘ಫೋಮ್’ ಕೆಲಕಾಲ ನಬ್ಲಾ ಎಂಬ ಕಂಪನಿಯ ಮೂಲಕ ಮಾರಾಟವಾಗಿತ್ತು. ಅಂದು ಅದು ಜಿಪಿಎಲ್ ಅಡಿಯಲ್ಲಿ ‘ಓಪನ್‌ಫೋಮ್’ ಆಗಿ ಹೊರಬಿತ್ತು. ಒಡೆತನ 2011ರಲ್ಲಿ ಎಸ್‌ಜಿಐ, 2012ರಲ್ಲಿ ಇಎಸ್‌ಐ ಕೈಗೆ ಹೋಯಿತು. ಫೌಂಡೇಶನ್ನಿನದು, ಇಎಸ್‌ಐಯದು, ಯಾಸಕ್ ಬಳಗದ್ದು ಎಂದು ಕವಲುಗಳೂ ಆದವು. ಈ ದಾಯಾದಿ ಜಗಳದ ನಡುವೆಯೂ ಕೋಡ್ ಮತ್ತೆ ಮುಚ್ಚಲಿಲ್ಲ. ಪರವಾನಗಿಯ ಬಲ ಅದು.

ಬೋಧನೆಯ ದೃಷ್ಟಿಯಿಂದ ಇದರ ಒಳರಚನೆ ಮುಖ್ಯ. ಒಂದು ಕೇಸ್ (ಲೆಕ್ಕ ಹಾಕಬೇಕಾದ ಒಂದು ಸಮಸ್ಯೆ) ಎಂದರೆ ಮೂರು ಫೋಲ್ಡರು: ಆರಂಭದ ಸ್ಥಿತಿ ‘0’ಯಲ್ಲಿ, ದ್ರವದ ಗುಣ ಮತ್ತು ಮೆಶ್ ‘ಕಾನ್‌ಸ್ಟಂಟ್’ನಲ್ಲಿ, ಲೆಕ್ಕದ ವಿಧಾನ ‘ಸಿಸ್ಟಮ್’ನಲ್ಲಿ. ಎಲ್ಲವೂ ಬರೀ ಪಠ್ಯ. ಯಾವ ಸ್ಕೀಮ್ ಬಳಸಿದೆ ಎಂಬುದು ಬಟನ್ನಿನ ಹಿಂದೆ ಅಡಗದೆ ಸಾಲಾಗಿ ಬರೆದಿರುತ್ತದೆ. ಇನ್ನೂ ಒಳಹೊಕ್ಕರೆ ಸಿ++ ಸಾಲುಗಳು ನೇವಿಯರ್–ಸ್ಟೋಕ್ಸ್ ಸಮೀಕರಣದ ಪದಗಳನ್ನು ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಕೂಡಿಸುತ್ತವೆ. ಲೈಸೆನ್ಸ್ ವೆಚ್ಚ ಕೋರ್‌ಗಳ ಸಂಖ್ಯೆಯೊಂದಿಗೆ ಏರುವ ಲೆಕ್ಕವೂ ಇಲ್ಲಿಲ್ಲ.

ನನ್ನ ವಾದಕ್ಕೆ ಅತಿ ಗಟ್ಟಿ ಸಾಕ್ಷಿಯೂ ಇದರೊಳಗೇ ಇದೆ. ಅಧಿಕ ವೇಗದ ಹರಿವಿಗೆಂದು ಓಪನ್‌ಫೋಮ್ ತನ್ನ ಮೂಲ ವಿತರಣೆಯಲ್ಲೇ ಕೊಟ್ಟ ‘ರೋಸೆಂಟ್ರಲ್‌ಫೋಮ್’ ಸಾಲ್ವರ್ ಆಧರಿಸಿದ್ದು ಕುರ್ಗನೋವ್–ಟ್ಯಾಡ್ಮೋರ್ ವಿಧಾನವನ್ನು. ಅದು ಪ್ರಕಟವಾದದ್ದು 2000ದಲ್ಲಿ. ಅದಕ್ಕಿಂತ ಹಳೆಯದಾದ ದೇಶಪಾಂಡೆಯವರ ಕೆಎಫ್‌ವಿಎಸ್ ಆ ವಿತರಣೆಯಲ್ಲಿಲ್ಲ. ಹಾಗಾಗಿ ಚನ್ನಸಂದ್ರದ ವಿದ್ಯಾರ್ಥಿ ಅದೇ ಊರಿನ ವಿಜ್ಞಾನ ಸಂಸ್ಥೆಯಲ್ಲಿ ಬೆಳೆದ ವಿಧಾನಕ್ಕಿಂತ ಮೊದಲು ಹೊರದೇಶದಲ್ಲಿ ರೂಪುಗೊಂಡ ವಿಧಾನವನ್ನೇ ಓಡಿಸಿ ನೋಡುವ ಸಂಭವ ಹೆಚ್ಚು. ಗುಣದಲ್ಲಿ ಯಾವುದು ಮೇಲು ಎಂಬುದು ಬೇರೆ ಚರ್ಚೆ. ತರಗತಿಗೆ ತಲುಪುವುದನ್ನು ನಿರ್ಧರಿಸಿದ್ದು ಸೋರ್ಸ್ ಕೋಡ್.

ನಗರದ ಹೊಸ ಕೆಲಸವೂ ಪೂರ್ತಿ ಮುಕ್ತ ಕೋಡ್‌ನ ಕಡೆ ತಿರುಗಿಲ್ಲ. ಜಕ್ಕೂರಿನ ಜೆಎನ್‌ಸಿಎಎಸ್‌ಆರ್‌ನ ಸಂತೋಷ್ ಅನ್ಸುಮಾಲಿ ಅವರ ಲ್ಯಾಟಿಸ್ ಬೋಲ್ಟ್ಸ್‌ಮನ್ ಸಂಶೋಧನೆಯ ಬೆನ್ನಿಗೆ ಬಂದ ಸಾಂಖ್ಯಸೂತ್ರ ಲ್ಯಾಬ್ಸ್‌ನ ಬಹುಪಾಲು ಷೇರುಗಳನ್ನು 2019ರಲ್ಲಿ ರಿಲಯನ್ಸ್ ಕೊಂಡಿತು. ಎಲ್‌ಎಸ್‌ಕೆಯುಎಂ ಮಾತ್ರ ಬೇರೆ ದಾರಿಯಲ್ಲಿ ಹೊಸ ಜೀವ ಪಡೆದಿದೆ: ದೇಶಪಾಂಡೆಯವರೂ ಸಹಲೇಖಕರಾಗಿರುವ ಒಂದು ಅಧ್ಯಯನ ಅದನ್ನು ಫೋರ್ಟ್ರಾನ್, ಸಿ++, ಪೈಥಾನ್, ಜೂಲಿಯಾ ನಾಲ್ಕರಲ್ಲೂ ಬರೆದು ಜಿಪಿಯು ಮೇಲೆ ಓಡಿಸಿ ಹೋಲಿಸಿತು.

ಕಾಲೇಜುಗಳಿಗೆ ಈಗ ಉಳಿದಿರುವ ತಡೆ ಗಣಕಶಕ್ತಿಯದು. ಪ್ರಕ್ಷುಬ್ಧ ಹರಿವನ್ನು ಯಾವ ಮಾದರಿಯ ನೆರವೂ ಇಲ್ಲದೆ ನೇರ ಲೆಕ್ಕ ಹಾಕುವುದಾದರೆ ಗ್ರಿಡ್ ಬಿಂದುಗಳು ರೆನಾಲ್ಡ್ಸ್ ಸಂಖ್ಯೆಯ ಸುಮಾರು 9/4ನೇ ಘಾತದಂತೆ ಬೆಳೆಯುತ್ತವೆ. ಲ್ಯಾಪ್‌ಟಾಪು ಬೇಗ ಕೈಚೆಲ್ಲುತ್ತದೆ. 2022ರಲ್ಲಿ ವಿಜ್ಞಾನ ಸಂಸ್ಥೆಗೆ ಬಂದ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗ ಇದೇ ಊರಿನಲ್ಲಿದ್ದರೂ ಪದವಿ ಕಾಲೇಜಿನ ಪ್ರಾಜೆಕ್ಟಿಗೆ ದೂರದ್ದೇ. ಲ್ಯಾಪ್‌ಟಾಪಿನ ಮಿತಿಯೊಳಗೆ ಮಾಡಬಹುದಾದ ಕೆಲಸಕ್ಕೆ ಐಐಟಿ ಬಾಂಬೆಯ ಫೋಸಿ ಯೋಜನೆ ವೇದಿಕೆ ಕೊಟ್ಟಿದೆ. ಅಲ್ಲಿ ಓಪನ್‌ಫೋಮ್ ಅಧ್ಯಯನ ಮಾಡುವ ವಿದ್ಯಾರ್ಥಿ ವರದಿಯ ಜೊತೆಗೆ ಕೇಸ್ ಫೋಲ್ಡರನ್ನೂ ಒಪ್ಪಿಸಬೇಕು.