ಜಾಲಿಬಾಯ್ ದ್ವೀಪ

ಜಾಲಿಬಾಯ್ ಅಂಡಮಾನ್ ದ್ವೀಪಸಮೂಹದ ಒಂದು ಪುಟ್ಟ ನಿರ್ಜನ ದ್ವೀಪ. ಇದು 1983ರಲ್ಲಿ ಸ್ಥಾಪಿತವಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಭಾಗವಾಗಿದೆ.

ದ್ವೀಪವನ್ನು ತಲುಪಲು ದೋಣಿಯೊಂದೇ ಮಾರ್ಗ. ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯಪುರಂ) ಸಮೀಪದ ವಂಡೂರಿನಿಂದ ಬೆಳಿಗ್ಗೆ ದೋಣಿಗಳು ಹೊರಡುತ್ತವೆ. ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ. ಕಾಂಡ್ಲಾ ಕಾಡುಗಳನ್ನು ಹಾದು ಸಾಗುವ ಪಯಣಕ್ಕೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ದ್ವೀಪದಲ್ಲಿ ಧಕ್ಕೆಯಿಲ್ಲದ ಕಾರಣ ದೊಡ್ಡ ದೋಣಿ ದೂರದಲ್ಲೇ ನಿಲ್ಲುತ್ತದೆ. ಪ್ರವಾಸಿಗರು ಗಾಜಿನ ತಳದ ಸಣ್ಣ ದೋಣಿಗೆ ದಾಟಿಕೊಂಡು ದಡ ಸೇರಬೇಕು. ಅಲ್ಲಿ ರಾತ್ರಿ ತಂಗುವಂತಿಲ್ಲ, ಪ್ಲಾಸ್ಟಿಕ್ ಒಯ್ಯುವಂತಿಲ್ಲ.

ಹವಳದ ದಿಬ್ಬಗಳೇ ಇಲ್ಲಿನ ಸಂಪತ್ತು. ಹವಳವು ಕಲ್ಲಿನಂತೆ ಕಂಡರೂ ಪುಟ್ಟ ಪ್ರಾಣಿಗಳ ವಸಾಹತು. ಕಾಲಿಟ್ಟರೆ ಮುರಿಯುತ್ತದೆ, ಮತ್ತೆ ಬೆಳೆಯಲು ಹಲವು ವರ್ಷಗಳೇ ಬೇಕು. ಅವುಗಳಿಗೆ ಬಿಡುವು ದೊರೆಯಲೆಂದು ವರ್ಷದ ಕೆಲವು ತಿಂಗಳು ಜಾಲಿಬಾಯ್ ಅನ್ನು ಮುಚ್ಚಿ, ರೆಡ್‌ಸ್ಕಿನ್ ದ್ವೀಪವನ್ನು ತೆರೆಯುವ ಪದ್ಧತಿಯಿದೆ. ದೂರದಿಂದ ಬಂದವರಿಗೆ ನಿರಾಶೆಯಾದರೂ ಈ ವ್ಯವಸ್ಥೆ ವಿವೇಕಯುತವಾದುದು. ಆದರೆ ಕಡಲ ನೀರು ಬಿಸಿಯಾಗುವುದನ್ನು ಇಂತಹ ನಿಯಮಗಳು ತಡೆಯಲಾರವು. ನೀರಿನ ತಾಪ ಏರಿದಾಗ ಹವಳಗಳು ತಮಗೆ ಆಹಾರವನ್ನೂ ಬಣ್ಣವನ್ನೂ ನೀಡುವ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತವೆ. 2010ರಲ್ಲಿ ಅಂಡಮಾನಿನ ಹವಳಗಳು ವ್ಯಾಪಕವಾಗಿ ಹೀಗೆ ಬಿಳಿಚಿದವು. ಗಾಜಿನ ತಳದ ದೋಣಿಯಲ್ಲಿ ಕುಳಿತವರಿಗೆ ಇಂದು ಜೀವಂತ ಹವಳದ ಜೊತೆಗೆ ಸತ್ತ ಹವಳದ ಬೂದುಬಣ್ಣದ ಚೂರುಗಳೂ ಕಾಣಸಿಗುತ್ತವೆ.